ರಿಮಾಂಡ್ ಹೋಮ್‌ನಿಂದ ಮನೆಗೆ: ಮಗನ ಮೊದಲ ಆರು ತಿಂಗಳನ್ನು ಸರಿಯಾದ ಕ್ರಮದಲ್ಲಿ ನಡೆಸುವುದು ಹೇಗೆ

ಹುಡುಗ ಮನೆಗೆ ಬಂದ ಮರುದಿನವೇ ಅಪ್ಪ ಅವನನ್ನು ಪರಿಚಯದವರ ಗ್ಯಾರೇಜಿಗೆ ಕೆಲಸಕ್ಕೆ ಸೇರಿಸುತ್ತಾರೆ. ಇನ್ನೊಂದು ಮನೆಯಲ್ಲಿ ಅಮ್ಮ ಅವನನ್ನು ದೂರದ ಊರಿನ ಸೋದರಮಾವನ ಮನೆಗೆ ಕಳುಹಿಸಿಬಿಡುತ್ತಾರೆ. ಎರಡನ್ನೂ ಮಾಡಿಸುವುದು ಪ್ರೀತಿ ಮತ್ತು ಭಯ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಾಲನ್ಯಾಯ ಮಂಡಳಿಯ (18 ತುಂಬದವರ ಪ್ರಕರಣ ವಿಚಾರಿಸುವ ಮಂಡಳಿ) ವಾಯಿದೆ ತಪ್ಪಿರುತ್ತದೆ, ಆಧಾರ್ ಸರಿಯಿಲ್ಲವೆಂದು ಗ್ಯಾರೇಜಿನವರು ಸಂಬಳ ತಡೆದಿರುತ್ತಾರೆ, ಹಳೆಯ ಗೆಳೆಯರು ಹುಡುಗನ ಹೊಸ ನಂಬರ್ ಪತ್ತೆಮಾಡಿರುತ್ತಾರೆ. ಇದೇ ಸರಣಿಯನ್ನು ಮತ್ತೆ ಮತ್ತೆ ಕೇಳಿ ಸಂಕಟಪಟ್ಟು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಮೊದಲು ಆದೇಶ, ಆಮೇಲೆ ಕಾಗದಪತ್ರ, ಆಮೇಲೆ ಮನೆಯ ದಿನಚರಿ, ಅದೆಲ್ಲ ನೆಲೆಗೆ ಬಂದ ಮೇಲೆ ಓದು ಅಥವಾ ಕೆಲಸ. ಈ ಕ್ರಮ ತಲೆಕೆಳಗಾದ ಮನೆಗಳೇ ಹೆಚ್ಚಾಗಿ ಎಡವುತ್ತವೆ.

ಇಲ್ಲಿ ಹೇಳಿರುವುದು ಅಪರಾಧ ನಡೆದ ದಿನ 18 ವರ್ಷ ತುಂಬಿರದವರಿಗೆ, ಅಂದರೆ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಅಡಿ ಬರುವವರಿಗೆ ಅನ್ವಯಿಸುತ್ತದೆ. ಹುಡುಗಿಯರಿಗೂ ಇದೇ ಕಾನೂನು, ಇದೇ ಕ್ರಮ. ಹೇಳುವ ಅನುಕೂಲಕ್ಕಾಗಿ 'ಹುಡುಗ' ಎಂದಿದ್ದೇನೆ.

ಕೈಯಲ್ಲಿ ಇರಬೇಕಾದವು

ಗಟ್ಟಿಯಾದ ಒಂದು ಫೈಲ್, ಒಂದು ನೋಟ್‌ಬುಕ್, ಗೋಡೆಯ ಕ್ಯಾಲೆಂಡರ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್), ವಕೀಲರು ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದೂರವಾಣಿ ಸಂಖ್ಯೆಗಳನ್ನು ಬರೆದಿಡಿ. ಜೊತೆಗೆ ಈ ಉಚಿತ ಸಹಾಯವಾಣಿಗಳಿರಲಿ: ಮಕ್ಕಳ ಸಹಾಯವಾಣಿ 1098, ಕಾನೂನು ನೆರವು 15100, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446. ಬರೀ ಮೊಬೈಲಿನಲ್ಲಿ ಉಳಿಸಿಕೊಂಡರೆ ಸಾಲದು. ಬೇಕಾದ ಹೊತ್ತಿನಲ್ಲಿ ಮೊಬೈಲ್ ಯಾರ ಕೈಯಲ್ಲಿರುತ್ತದೋ ಹೇಳಲಾಗದು.

ಹಂತ 1: ಇದು ಯಾವ ಬಗೆಯ ಬಿಡುಗಡೆ ಎಂದು ತಿಳಿಯಿರಿ

"ಬಿಟ್ಟರು, ಕೇಸು ಮುಗಿಯಿತು" ಎಂಬ ಮಾತಿನಿಂದಲೇ ಅತಿ ದೊಡ್ಡ ತಪ್ಪು ಶುರುವಾಗುತ್ತದೆ. ವೀಕ್ಷಣಾಲಯದಿಂದ, ಅಂದರೆ ರಿಮಾಂಡ್ ಹೋಮ್‌ನಿಂದ ಹೊರಬಂದ ಬಹಳಷ್ಟು ಹುಡುಗರು ಕಾಯ್ದೆಯ 12ನೇ ಕಲಂನಡಿ ಜಾಮೀನಿನ ಮೇಲೆ ಬಂದವರು. ಅವರ ವಿಚಾರಣೆ ಇನ್ನೂ ನಡೆಯುತ್ತಿರುತ್ತದೆ, ಮುಂದಿನ ವಾಯಿದೆ ಇದ್ದೇ ಇರುತ್ತದೆ. ಅಪ್ಪ ಸಹಿ ಹಾಕಿದ ಮುಚ್ಚಳಿಕೆಯಲ್ಲಿ ಏನು ಬರೆದಿದೆ ಎಂದು ಅಪ್ಪನಿಗೇ ಗೊತ್ತಿಲ್ಲದ ಸಂದರ್ಭಗಳು ತೀರಾ ಸಾಮಾನ್ಯ.

ಎರಡನೆಯ ಬಗೆಯಲ್ಲಿ ವಿಚಾರಣೆ ಮುಗಿದಿರುತ್ತದೆ, ಮಂಡಳಿ 18ನೇ ಕಲಂನಡಿ ಆದೇಶ ಮಾಡಿರುತ್ತದೆ. ಹುಡುಗನನ್ನು ಸನ್ನಡತೆಯ ಪರಿವೀಕ್ಷಣೆಯ ಮೇಲೆ ಪೋಷಕರ ಇಲ್ಲವೇ ಯೋಗ್ಯ ವ್ಯಕ್ತಿಯ ಸುಪರ್ದಿಗೆ ಒಪ್ಪಿಸಿರಬಹುದು. ಇದರ ಗರಿಷ್ಠ ಅವಧಿ ಮೂರು ವರ್ಷ. ಆದೇಶದ ಜೊತೆಗೆ ಶಾಲೆಗೆ ಹೋಗಬೇಕು, ವೃತ್ತಿ ತರಬೇತಿ ಪಡೆಯಬೇಕು, ವ್ಯಸನಮುಕ್ತಿ ಚಿಕಿತ್ಸೆಗೆ ಹಾಜರಾಗಬೇಕು, ಇಂಥ ಜಾಗಕ್ಕೆ ಕಾಲಿಡಬಾರದು ಎಂಬ ಷರತ್ತುಗಳೂ ಇರಬಹುದು. ಅವನ್ನು ಸಲಹೆಗಳೆಂದುಕೊಂಡು ಪಕ್ಕಕ್ಕಿಡಬೇಡಿ.

ಮೂರನೆಯದು ವಿಶೇಷ ಗೃಹದಲ್ಲಿ (ವಿಚಾರಣೆ ಮುಗಿದ ಮೇಲೆ ಮಂಡಳಿ ಕಳುಹಿಸುವ ಸಂಸ್ಥೆ) ಅವಧಿ ಪೂರೈಸಿ ಬರುವುದು. ನಾಲ್ಕನೆಯದು 97ನೇ ಕಲಂನಡಿ ಅವಧಿಗೆ ಮುಂಚೆಯೇ ಬಿಡುಗಡೆ. ಇದು ಷರತ್ತಿನ ಬಿಡುಗಡೆಯೂ ಆಗಿರಬಹುದು, ಆಗ ಷರತ್ತು ಮುರಿದರೆ ವಾಪಸ್ಸು ಹೋಗಬೇಕಾಗುತ್ತದೆ. ಘೋರ ಅಪರಾಧದ ಆರೋಪದಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಹೋದವರ ಲೆಕ್ಕವೇ ಬೇರೆ. ಅವರಲ್ಲಿ ಕೆಲವರು 21ನೇ ವಯಸ್ಸಿನಲ್ಲಿ ನ್ಯಾಯಾಲಯದ ಮೌಲ್ಯಮಾಪನದ ನಂತರ ಮೇಲ್ವಿಚಾರಣೆಯ ಷರತ್ತಿನೊಂದಿಗೆ ಹೊರಬರುತ್ತಾರೆ.

ಇವುಗಳಲ್ಲಿ ನಿಮ್ಮದು ಯಾವುದು ಎಂದು ಊಹಿಸಬೇಡಿ. ಆದೇಶದ ದೃಢೀಕೃತ ಪ್ರತಿ ಪಡೆದು, ಅರ್ಥವಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಂದ ಕನ್ನಡದಲ್ಲಿ ಓದಿಸಿ. ಮಕ್ಕಳಿಗೆ ಈ ನೆರವು ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಪ್ರತಿ ಷರತ್ತನ್ನೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಾಗಿ ಹುಡುಗನ ಕೈಯಿಂದಲೇ ಬರೆಸಿ. ವಾಯಿದೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಆ ದಿನ ಜ್ವರ ಬಂದರೂ, ಮನೆಯಲ್ಲಿ ಸಾವಾದರೂ ಸುಮ್ಮನೆ ಗೈರಾಗಬಾರದು. ಅಂದೇ ಬೆಳಿಗ್ಗೆ ವಕೀಲರಿಗೂ ಪರಿವೀಕ್ಷಣಾಧಿಕಾರಿಗೂ ತಿಳಿಸಿ, ವೈದ್ಯರ ಚೀಟಿಯನ್ನು ಫೈಲಿಗೆ ಸೇರಿಸಿ.

ಗರಿಷ್ಠ ಮೂರು ವರ್ಷದವರೆಗೆ ಶಿಕ್ಷೆ ಇರುವ ಸಣ್ಣ ಅಪರಾಧಗಳ ವಿಚಾರಣೆ, ಕಾಲಾವಕಾಶ ವಿಸ್ತರಿಸಿದ ಮೇಲೂ ಮುಗಿಯದಿದ್ದರೆ ಪ್ರಕರಣ ಕೊನೆಗೊಳ್ಳಬೇಕು ಎಂದು 14ನೇ ಕಲಂ ಹೇಳುತ್ತದೆ. ಮೂಲ ಅವಧಿ ನಾಲ್ಕು ತಿಂಗಳು, ವಿಸ್ತರಣೆ ಎರಡು ತಿಂಗಳು. ಅಂಥ ಪ್ರಕರಣವಾಗಿದ್ದರೆ ವಕೀಲರನ್ನು ಕೇಳಿ. ಲಿಖಿತ ಆದೇಶ ಕೈಗೆ ಬರುವವರೆಗೆ ಮಾತ್ರ ಪ್ರಕರಣ ಇದೆ ಎಂದೇ ನಡೆದುಕೊಳ್ಳಿ.

ಹಂತ 2: ಗೇಟಿನಿಂದ ಹೊರಡುವ ಮುನ್ನ ಕೇಳಿ ಪಡೆಯಿರಿ

ಮಗನನ್ನು ಕಂಡ ಕೂಡಲೇ ಕಣ್ಣೀರು ಬರುತ್ತದೆ, ಕೈಹಿಡಿದು ಹೊರಟುಬಿಡಬೇಕು ಅನ್ನಿಸುತ್ತದೆ. ದಯವಿಟ್ಟು ಅರ್ಧ ಗಂಟೆ ಕುಳಿತುಕೊಳ್ಳಿ. ಆ ಅರ್ಧ ಗಂಟೆ ಮುಂದಿನ ಹತ್ತು ಓಡಾಟಗಳನ್ನು ಉಳಿಸುತ್ತದೆ.

ಪ್ರತಿ ಮಗುವಿಗೂ ಒಂದು ವೈಯಕ್ತಿಕ ಪಾಲನಾ ಯೋಜನೆ ಇರಬೇಕು. 2016ರ ಕೇಂದ್ರ ಮಾದರಿ ನಿಯಮಗಳಲ್ಲಿ ಇದು ನಮೂನೆ 7. ಬಿಡುಗಡೆಗೆ ಮುಂಚಿನ ವರದಿ ಮತ್ತು ಬಿಡುಗಡೆಯ ನಂತರದ ವರದಿ, ಎರಡಕ್ಕೂ ಅದರಲ್ಲಿ ಜಾಗವಿದೆ. ಹುಡುಗನ ಬ್ಯಾಂಕ್ ಖಾತೆ ಏನಾಯಿತು, ಅವನ ಗಳಿಕೆ ಮತ್ತು ವಸ್ತುಗಳನ್ನು ಯಾರಿಗೆ ಕೊಟ್ಟರು, ಜನನ ಪ್ರಮಾಣಪತ್ರ, ಶಾಲಾ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್ ಇವೆಯೇ ಎಂದು ಆ ನಮೂನೆಯೇ ಕೇಳುತ್ತದೆ. ಹಾಗಾಗಿ ನೀವು ಅಲ್ಲಿ ಕೇಳುವುದು ಉಪಕಾರವನ್ನಲ್ಲ. ಮೆತ್ತಗೆ, ಆದರೆ ಹೆಸರು ಹಿಡಿದು ಕೇಳಿ: "ನಮೂನೆ 7ರ ಯೋಜನೆಯಲ್ಲಿ ಮುಂದೆ ಏನು ಮಾಡಬೇಕೆಂದು ಬರೆದಿದ್ದೀರಿ, ಸ್ವಲ್ಪ ಹೇಳುತ್ತೀರಾ ಸಾರ್?"

ತೆಗೆದುಕೊಂಡು ಬರಬೇಕಾದವು ಇವು: ಬಿಡುಗಡೆ ಪತ್ರ, ಅಲ್ಲಿ ಓದಿದ್ದರೆ ಅಂಕಪಟ್ಟಿ, ತರಬೇತಿ ಪಡೆದಿದ್ದರೆ ಅದರ ಪ್ರಮಾಣಪತ್ರ, ಚಿಕಿತ್ಸೆ ನಡೆದಿದ್ದರೆ ವೈದ್ಯರ ಚೀಟಿ ಮತ್ತು ಕನಿಷ್ಠ ಎರಡು ವಾರಕ್ಕಾಗುವಷ್ಟು ಮಾತ್ರೆ. ಮಾತ್ರೆಯನ್ನು ಎಲ್ಲರೂ ಮರೆಯುತ್ತಾರೆ. ಒಳಗೆ ನಿದ್ದೆಗೋ ಖಿನ್ನತೆಗೋ ಔಷಧಿ ತೆಗೆದುಕೊಳ್ಳುತ್ತಿದ್ದ ಹುಡುಗ ಅದನ್ನು ಏಕಾಏಕಿ ನಿಲ್ಲಿಸಿದರೆ ಮೊದಲ ವಾರದಲ್ಲೇ ಮನೆಯ ನೆಮ್ಮದಿ ಕದಡುತ್ತದೆ. ಆಮೇಲೆ ಮನೆಯವರು "ಇವನು ಬದಲಾಗಲೇ ಇಲ್ಲ" ಎಂದು ತೀರ್ಮಾನಿಸುತ್ತಾರೆ.

ತರಬೇತಿಯ ಪ್ರಮಾಣಪತ್ರದಲ್ಲಿ ರಿಮಾಂಡ್ ಹೋಮ್‌ನ ಹೆಸರು ಎದ್ದುಕಾಣುತ್ತಿದ್ದರೆ, ತರಬೇತಿ ನೀಡಿದ ಸಂಸ್ಥೆಯ ಹೆಸರಿನಲ್ಲೇ ಪ್ರಮಾಣಪತ್ರ ಕೊಡಿಸಲು ಸಾಧ್ಯವೇ ಎಂದು ಆಗಲೇ ವಿಚಾರಿಸಿ. ಒಮ್ಮೆ ಮನೆಗೆ ಬಂದ ಮೇಲೆ ಅದನ್ನು ಬದಲಿಸಿಕೊಳ್ಳುವುದು ಕಷ್ಟ.

ಮನೆ ಅವನಿಗೆ ಸುರಕ್ಷಿತ ಜಾಗವಲ್ಲದಿದ್ದರೆ ಆ ಮಾತನ್ನೂ ಇಲ್ಲೇ ಆಡಬೇಕು. ಕುಡಿದು ಹೊಡೆಯುವ ತಂದೆ ಇರಬಹುದು, ಅದೇ ಓಣಿಯಲ್ಲಿ ಎದುರಾಳಿ ಗುಂಪು ಇರಬಹುದು. 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲಿನ ಆಸರೆಯ ಸೌಲಭ್ಯವಿದೆ. ಇದು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಸಿಗುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವಿನ ಅವಕಾಶವಿದೆ. ತಾನಾಗಿಯೇ ಬರುವ ಹಣವಲ್ಲ ಇದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹೋಗಬೇಕು, ಮಂಜೂರಾಗಬೇಕು. ಬಿಡುಗಡೆಗೆ ಮೊದಲೇ ಅರ್ಜಿ ಹೊರಟರೆ ಒಳ್ಳೆಯದು.

ಹಂತ 3: ಮೊದಲ ಹತ್ತು ದಿನ ಮನೆಯಲ್ಲೇ

ಈ ಹತ್ತು ದಿನ ಅವನನ್ನು ಕೆಲಸಕ್ಕೂ ಕಳುಹಿಸಬೇಡಿ, ನೆಂಟರ ಮನೆಗೂ ಕಳುಹಿಸಬೇಡಿ. ಗಂಟೆ ಹೊಡೆದಾಗ ಎದ್ದು, ಸಾಲಿನಲ್ಲಿ ನಿಂತು ಊಟ ಮಾಡಿ, ಹೇಳಿದಾಗ ಮಲಗಿದ ದೇಹ ಅದು. ನೀರು ಕುಡಿಯಲೂ ಅನುಮತಿ ಕೇಳಬಹುದು, ರಾತ್ರಿ ದೀಪ ಆರಿಸಿದರೆ ಎಚ್ಚರಗೊಳ್ಳಬಹುದು, ತಟ್ಟೆಯ ಸುತ್ತ ಕೈ ಅಡ್ಡವಿಟ್ಟು ಗಬಗಬನೆ ತಿನ್ನಬಹುದು. ನಗಬೇಡಿ, ಗದರಿಸಬೇಡಿ. ನೀವೇ ಏಳುವ, ಉಣ್ಣುವ, ಮಲಗುವ ಹೊತ್ತನ್ನು ಅವನಿಗೆ ಹೇಳಿ, ಅದೇ ಹೊತ್ತಿಗೆ ಜೊತೆಗೆ ಕರೆಯಿರಿ. ದಿನಕ್ಕೊಂದು ಜವಾಬ್ದಾರಿ ಕೊಡಿ: ನೀರು ತುಂಬಿಸುವುದು, ತಂಗಿಯನ್ನು ಬಸ್ ನಿಲ್ದಾಣಕ್ಕೆ ಬಿಡುವುದು.

ಮನೆಯೊಳಗೆ ಒಂದು ನಿಯಮ ಗಟ್ಟಿಯಾಗಿರಲಿ. ಊಟದ ಹೊತ್ತಿನಲ್ಲಿ ಹಳೆಯದನ್ನು ಎತ್ತಬಾರದು. ಆಡುವ ಮಾತಿದ್ದರೆ ದಿನದಲ್ಲಿ ಬೇರೊಂದು ಹೊತ್ತು ನಿಗದಿ ಮಾಡಿ, ಕುಳಿತು, ತಗ್ಗಿದ ದನಿಯಲ್ಲಿ ಆಡಿ. ತುತ್ತು ಬಾಯಿಗೆ ಹೋಗುವಾಗ ಹಂಗಿಸಿದ ಮಾತು ಎಷ್ಟು ಹುಡುಗರನ್ನು ಮತ್ತೆ ಬೀದಿಗೆ ತಳ್ಳಿದೆ ಎಂದು ನೆನೆದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ.

ನೆರೆಹೊರೆಯವರಿಗೆ ಏನು ಹೇಳುವುದು? ಇಲ್ಲಿ ಹೆಚ್ಚಿನವರು ಸುಳ್ಳಿನಲ್ಲಿ ಸಿಕ್ಕಿಬೀಳುತ್ತಾರೆ. ಅಮ್ಮ "ಹಾಸ್ಟೆಲ್‌ನಲ್ಲಿದ್ದ" ಎನ್ನುತ್ತಾರೆ, ಅಜ್ಜಿ "ಮಾವನ ಊರಿನಲ್ಲಿದ್ದ" ಎನ್ನುತ್ತಾರೆ, ತಮ್ಮ ತಬ್ಬಿಬ್ಬಾಗಿ ಸುಮ್ಮನಿರುತ್ತಾನೆ. ಮನೆಯ ಎಲ್ಲರೂ ಕೂತು ಒಂದೇ ವಾಕ್ಯ ನಿರ್ಧರಿಸಿ. ಅದು ಚಿಕ್ಕದಾಗಿರಲಿ, ನಿಜವಾಗಿರಲಿ: "ಬಂದಿದ್ದಾನೆ, ಓದು ಮುಂದುವರಿಸುತ್ತಾನೆ." ಮತ್ತೆ ಕೆದಕಿದರೆ ಅದನ್ನೇ ಇನ್ನೊಮ್ಮೆ ಹೇಳಿ ಮಾತು ಬದಲಿಸಿ. ಈ ವಾಕ್ಯವನ್ನು ಚಿಕ್ಕ ಮಕ್ಕಳಿಗೂ ಕಲಿಸಿ. ಅಣ್ಣನ ಕಾರಣಕ್ಕೆ ಶಾಲೆಯಲ್ಲಿ ಮಾತು ಕೇಳಿದವರು ಅವರೇ. ಅವರ ಸಿಟ್ಟನ್ನೂ ಒಮ್ಮೆ ಕೇಳಿಸಿಕೊಳ್ಳಿ.

ಸ್ಥಳೀಯ ಸುದ್ದಿತಾಣದಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಅವನ ಹೆಸರು, ಫೋಟೊ, ಶಾಲೆಯ ವಿವರ ಬಂದಿದ್ದರೆ ಸುಮ್ಮನಿರಬೇಡಿ. 74ನೇ ಕಲಂ ಇದನ್ನು ನಿಷೇಧಿಸುತ್ತದೆ. ಉಲ್ಲಂಘನೆಗೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪರದೆಯ ಚಿತ್ರ ತೆಗೆದಿಟ್ಟುಕೊಂಡು ವಕೀಲರ ಮೂಲಕ ದೂರು ಕೊಡಿ. ನೀವೇ ಹೋಗಿ ಜಗಳವಾಡಿದರೆ ಸುದ್ದಿ ಇನ್ನೊಂದು ಸುತ್ತು ಹರಡುತ್ತದೆ.

ಹಂತ 4: ಕಾಗದಪತ್ರ

ಇದು ಬೇಸರ ತರಿಸುವ ಹಂತ. ಆದರೂ ಮೊದಲ ತಿಂಗಳಲ್ಲೇ ಮುಗಿಯಬೇಕು.

ಮೊದಲು ವಯಸ್ಸಿನ ದಾಖಲೆ. 94ನೇ ಕಲಂ ಪ್ರಕಾರ ವಯಸ್ಸನ್ನು ತೀರ್ಮಾನಿಸಲು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆ ನೀಡಿದ ಜನನ ಪ್ರಮಾಣಪತ್ರವನ್ನು. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ. "ಆಧಾರ್ ಇದೆಯಲ್ಲ" ಎಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು. ಶಾಲೆಯ ದಾಖಲೆಯಲ್ಲೂ ಜನನ ಪ್ರಮಾಣಪತ್ರದಲ್ಲೂ ದಿನಾಂಕ ಬೇರೆ ಬೇರೆ ಇದ್ದರೆ ವಕೀಲರಿಗೆ ತೋರಿಸದೆ ಯಾವುದನ್ನೂ ತಿದ್ದಿಸಲು ಹೋಗಬೇಡಿ.

ಆಮೇಲೆ ಆಧಾರ್. 15 ವರ್ಷ ತುಂಬಿದಾಗ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ನವೀಕರಿಸುವುದು ಕಡ್ಡಾಯ. ಆ ವಯಸ್ಸನ್ನು ಒಳಗೇ ಕಳೆದ ಹುಡುಗರಲ್ಲಿ ಇದು ತಪ್ಪಿಹೋಗಿರಬಹುದು. ಆಗ ಬ್ಯಾಂಕಿನಲ್ಲಿ, ತರಬೇತಿ ಕೇಂದ್ರದಲ್ಲಿ ಬೆರಳು ಒತ್ತಿದಾಗ ಯಂತ್ರ ಒಪ್ಪುವುದಿಲ್ಲ, ಕಾರಣವೂ ಗೊತ್ತಾಗುವುದಿಲ್ಲ.

ಶಾಲೆಯಿಂದ ವರ್ಗಾವಣೆ ಪ್ರಮಾಣಪತ್ರ ಮತ್ತು ಅವನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತು ಸಂಖ್ಯೆ) ಪಡೆಯಿರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಪಡಿತರ ಚೀಟಿಯಲ್ಲಿ ಹೆಸರು ಉಳಿದಿದೆಯೇ ನೋಡಿ. ಬ್ಯಾಂಕ್ ಖಾತೆ ಅಪ್ರಾಪ್ತರ ಖಾತೆಯಾಗಿದ್ದು 18 ದಾಟಿದ್ದರೆ ಹೊಸ ಸಹಿ ಮತ್ತು ದಾಖಲೆ ಕೊಡಬೇಕಾಗುತ್ತದೆ.

ಎಲ್ಲದರ ಮೂರು ಪ್ರತಿ ಮಾಡಿಸಿ. ಮಂಡಳಿಯ ಆದೇಶ ಇರುವ ಫೈಲ್ ಬೇರೆ, ಶಾಲೆ-ಕೆಲಸಕ್ಕೆ ಒಯ್ಯುವ ಫೈಲ್ ಬೇರೆ ಇರಲಿ. ಎರಡನ್ನೂ ಒಂದರಲ್ಲೇ ಇಟ್ಟು, ಸಂದರ್ಶನದಲ್ಲಿ ಪ್ರಮಾಣಪತ್ರ ಹುಡುಕುವಾಗ ಬಿಡುಗಡೆ ಪತ್ರ ಮೇಜಿನ ಮೇಲೆ ಬಿದ್ದರೆ ಅಲ್ಲಿಗೆ ಎಲ್ಲ ಶ್ರಮವೂ ನೀರುಪಾಲು.

ಹಂತ 5: ಓದು ಅಥವಾ ಕೆಲಸ

ಬಿಟ್ಟ ತರಗತಿಗೇ ಮರಳಿಸಬೇಕೆಂಬ ಹಟ ಬೇಡ. ಹದಿನೇಳು ವರ್ಷದವನನ್ನು ಹದಿನಾಲ್ಕರ ಮಕ್ಕಳ ನಡುವೆ ಒಂಬತ್ತನೇ ತರಗತಿಯಲ್ಲಿ ಕೂರಿಸಿದರೆ ಅವನು ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ವಯಸ್ಸಿನ ಅಂತರ ಒಂದು ವರ್ಷದೊಳಗಿದ್ದರೆ ಶಾಲೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಎಸ್ಎಲ್‌ಸಿ ಕಟ್ಟಿಸಿ, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ ಸೇರಿಸಿ. ಅಲ್ಲಿ ಹತ್ತನೇ ತರಗತಿಗೆ 14 ವರ್ಷ ತುಂಬಿದ್ದರೆ ಸಾಕು. ಶಾಲೆಗೇ ಹೋಗುವುದಾದರೆ ಮುಖ್ಯೋಪಾಧ್ಯಾಯರ ಬಳಿ ಪರಿವೀಕ್ಷಣಾಧಿಕಾರಿಯನ್ನೋ ಮಕ್ಕಳ ರಕ್ಷಣಾ ಘಟಕದವರನ್ನೋ ಮೊದಲು ಮಾತನಾಡಲು ಬಿಡಿ. ಸ್ಟಾಫ್ ರೂಮಿನಲ್ಲಿ ವಿಷಯ ಹರಡದಂತೆ ನೋಡಿಕೊಳ್ಳಲು ಅವರೇ ಸೂಕ್ತ.

ಕೈಕೆಲಸದತ್ತ ಒಲವಿದ್ದರೆ ಐಟಿಐ. ವೆಲ್ಡರ್, ಪ್ಲಂಬರ್‌ನಂಥ ಕೆಲವು ವೃತ್ತಿಗಳಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸೇರಬಹುದು. 18 ದಾಟಿದವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ. ಈಗಷ್ಟೇ ಗೋಡೆಯಿಂದಾಚೆ ಬಂದವನಿಗೆ ಮತ್ತೆ ವಸತಿನಿಲಯ, ಮತ್ತೆ ಗಂಟೆ, ಮತ್ತೆ ಸಾಲು ಎಂದರೆ ಉಸಿರುಗಟ್ಟಬಹುದು. ಒಂದೆರಡು ತಿಂಗಳು ಮನೆಯ ರುಚಿ ಕಂಡ ಮೇಲೆ ಕಳುಹಿಸಿ.

ಕೆಲಸಕ್ಕೆ ಸೇರಿಸುವುದಾದರೆ ಕಾನೂನಿನ ಗೆರೆ ತಿಳಿದಿರಲಿ. 14 ತುಂಬದವರನ್ನು ದುಡಿಸುವಂತಿಲ್ಲ. 14ರಿಂದ 18ರವರೆಗಿನವರನ್ನು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಯ ಕೆಲಸಗಳಲ್ಲಿ ತೊಡಗಿಸುವಂತಿಲ್ಲ. ಇದರ ಮೇಲೆ ನನ್ನದೇ ಎರಡು ಮಾತು ಸೇರಿಸುತ್ತೇನೆ. ಮೊದಲ ಆರು ತಿಂಗಳು ನಗದು ಎಣಿಸುವ ಜಾಗ ಬೇಡ, ರಾತ್ರಿ ಪಾಳಿಯೂ ಬೇಡ. ಅಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೂ ಮೊದಲ ಬೆರಳು ಅವನತ್ತಲೇ ತಿರುಗುತ್ತದೆ, ತೆಗೆದವರು ಯಾರೇ ಇರಲಿ. ಕೆಲಸ ಕೊಟ್ಟವರಿಗೆ ಹಿನ್ನೆಲೆ ಗೊತ್ತಿದ್ದರೆ ಅದು ಅವರೊಬ್ಬರಲ್ಲೇ ಉಳಿಯಬೇಕೆಂದು ಮೊದಲ ದಿನವೇ ಕೇಳಿಕೊಳ್ಳಿ.

ಬೈಕ್ ವಿಷಯದಲ್ಲಿ ಕರಗಬೇಡಿ. ಕೆಲಸಕ್ಕೆ ಹೋಗಲು ಬೇಕು ಎನ್ನುತ್ತಾನೆ. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂನಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಅವನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಮುಂದೆ ಚಾಲಕನಾಗಿ ಬದುಕು ಕಟ್ಟಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 6: ಮೊಬೈಲ್, ಹಳೆಯ ಗೆಳೆಯರು, ಹಳೆಯ ಸಾಲ

"ಅವರ ಸಹವಾಸ ಬಿಡು" ಎಂದರೆ ಸಾಲುವುದಿಲ್ಲ. ಗುಂಪು ಹುಡುಗನನ್ನು ಹಿಡಿದಿಟ್ಟುಕೊಳ್ಳುವ ಹಗ್ಗ ಯಾವುದೆಂದು ನೋಡಿ. ಬಹಳ ಸಲ ಅದು ಸಾಲ. ವಕೀಲರಿಗೆ, ಜಾಮೀನಿಗೆ, ಮನೆಯ ಅಕ್ಕಿಗೆ ದುಡ್ಡು ಕೊಟ್ಟ ಒಬ್ಬ 'ಅಣ್ಣ' ಇರುತ್ತಾನೆ. ಹುಡುಗ ಹೊರಬಂದ ವಾರದಲ್ಲೇ ಅವನು "ಚಿಕ್ಕ ಕೆಲಸ ಇದೆ" ಎನ್ನುತ್ತಾನೆ. ಮಗನನ್ನು ಒಂಟಿಯಾಗಿ ಕೂರಿಸಿಕೊಂಡು ನೇರವಾಗಿ ಕೇಳಿ: ಯಾರಿಗಾದರೂ ಏನಾದರೂ ಕೊಡಬೇಕೇ? ಕೊಡಬೇಕಿದ್ದರೆ ಆ ಮಾತುಕತೆ ಮನೆಯ ಹಿರಿಯರದ್ದಾಗಲಿ, ಹುಡುಗನದ್ದಲ್ಲ. ಕಾನೂನು ನೆರವು ಉಚಿತವಾಗಿ ಸಿಗುವಾಗ ಇನ್ನು ಮುಂದೆ ಒಂದು ರೂಪಾಯಿಯನ್ನೂ ಅಂಥವರಿಂದ ಪಡೆಯಬೇಡಿ. ಮಕ್ಕಳನ್ನು ಅಕ್ರಮ ಚಟುವಟಿಕೆಗೆ ಬಳಸುವ ವಯಸ್ಕರಿಗೆ ಬಾಲನ್ಯಾಯ ಕಾಯ್ದೆಯ 83ನೇ ಕಲಂನಡಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು 5 ಲಕ್ಷ ರೂಪಾಯಿ ದಂಡವಿದೆ. ಬೆದರಿಕೆ ಬಂದರೆ ಪರಿವೀಕ್ಷಣಾಧಿಕಾರಿಗೆ ಅಂದೇ ತಿಳಿಸಿ.

ಹುಡುಗನಿಗೆ ಒಂದು ಸಿದ್ಧ ಉತ್ತರ ಕೊಟ್ಟಿರಿ. ಗೆಳೆಯರ ಮುಂದೆ "ನನಗೆ ಇಷ್ಟವಿಲ್ಲ" ಎನ್ನಲು ಆ ವಯಸ್ಸಿಗೆ ಬಹಳ ಧೈರ್ಯ ಬೇಕು. "ಆಫೀಸರು ಯಾವಾಗ ಬೇಕಾದರೂ ಮನೆಗೆ ಬರುತ್ತಾರೆ, ಇರದಿದ್ದರೆ ವಾಪಸ್ ಕಳುಹಿಸುತ್ತಾರೆ" ಎನ್ನುವುದು ಸುಲಭ, ಅದರಿಂದ ಅವನ ಮಾನವೂ ಉಳಿಯುತ್ತದೆ.

ಹೊಸ ಸಿಮ್ ತೆಗೆದುಕೊಡಿ, ಹಳೆಯ ಗುಂಪುಗಳಿಂದ ಅವನೇ ಹೊರಬರಲಿ. ಮೊಬೈಲ್ ಕಸಿದುಕೊಂಡರೆ ಇನ್ನೊಬ್ಬರ ಮೊಬೈಲ್ ಬಳಸುತ್ತಾನೆ, ಅದು ಇನ್ನೂ ಅಪಾಯ. ಒಂದನ್ನು ಮಾತ್ರ ಖಡಾಖಂಡಿತವಾಗಿ ಹೇಳಿ: ದೂರು ಕೊಟ್ಟವರಿಗೆ, ಗಾಯಗೊಂಡವರಿಗೆ, ಸಾಕ್ಷಿಗಳಿಗೆ ಯಾವುದೇ ಸಂದೇಶ ಹೋಗಬಾರದು. ಕ್ಷಮೆ ಕೇಳುವ ಸಂದೇಶವೂ ಬೇಡ. ಅದು ಒತ್ತಡ ಹೇರಿದಂತೆ ಕಾಣಬಹುದು, ಜಾಮೀನಿಗೇ ಕುತ್ತು ಬರಬಹುದು. ಹದಿಹರೆಯದ ಪ್ರೀತಿಯಿಂದ ಪೋಕ್ಸೊ ಪ್ರಕರಣವಾದ ಹುಡುಗರು ಇಲ್ಲೇ ಎಡವುತ್ತಾರೆ. ನಿಜವಾಗಿ ಕ್ಷಮೆ ಕೇಳುವ ಮನಸ್ಸಿದ್ದರೆ ಆಪ್ತಸಮಾಲೋಚಕರ ಬಳಿ ಹೇಳಲಿ, ದಾರಿ ಅವರು ತೋರಿಸುತ್ತಾರೆ.

ನಶೆಯ ಚಟವಿದ್ದವನ ಬಗ್ಗೆ ಒಂದು ಮಾತು, ಇದು ಜೀವದ ಪ್ರಶ್ನೆ. ಒಳಗಿದ್ದ ತಿಂಗಳುಗಳಲ್ಲಿ ದೇಹ ನಶೆಯನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಪ್ರಾಣವೇ ಹೋಗಬಹುದು. ಇದನ್ನು ಬೆದರಿಕೆಯ ದನಿಯಲ್ಲಲ್ಲದೆ ಮಾಹಿತಿಯಾಗಿ ಅವನಿಗೆ ಹೇಳಿ.

ಹಂತ 7: ಪೊಲೀಸರು ಮತ್ತು ಅರ್ಜಿ ನಮೂನೆಗಳು

ಬಡಾವಣೆಯಲ್ಲಿ ಕಳವಾದರೆ ಪೊಲೀಸರು ಮೊದಲು ನಿಮ್ಮ ಬಾಗಿಲು ತಟ್ಟಬಹುದು. ಓಡುವುದು, ಅಡಗಿಸುವುದು ಬೇಡ. 18 ತುಂಬಿಲ್ಲದಿದ್ದರೆ ವಯಸ್ಸಿನ ದಾಖಲೆಯ ಪ್ರತಿ ತೋರಿಸಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ, ಜೊತೆಗೆ ನೀವೂ ಹೊರಡಿ, ದಾರಿಯಲ್ಲೇ ವಕೀಲರಿಗೆ ಫೋನ್ ಮಾಡಿ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು ಎಂದು 10ನೇ ಕಲಂ ಹೇಳುತ್ತದೆ. ಆದೇಶದಲ್ಲಿ ಇಲ್ಲದಿದ್ದರೂ ವಾರ ವಾರ ಠಾಣೆಗೆ ಬಂದು ಕೂರಬೇಕೆಂದರೆ ಅಲ್ಲೇ ವಾದಿಸದೆ ವಕೀಲರ ಮೂಲಕ ಮಂಡಳಿಯ ಗಮನಕ್ಕೆ ತನ್ನಿ.

18 ತುಂಬಿದ ಮೇಲೆ ಮಾಡುವ ಹೊಸ ತಪ್ಪಿಗೆ ಈ ರಕ್ಷಣೆ ಯಾವುದೂ ಇಲ್ಲ. ಹಳೆಯ ಪ್ರಕರಣ ಮಂಡಳಿಯಲ್ಲೇ ಉಳಿಯುತ್ತದೆ, ಹೊಸದು ದೊಡ್ಡವರ ನ್ಯಾಯಾಲಯಕ್ಕೆ ಹೋಗುತ್ತದೆ. ಅನೇಕ ಹುಡುಗರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅವರ ಹುಟ್ಟುಹಬ್ಬಕ್ಕೆ ಮೊದಲೇ ಹೇಳಿ.

ಉದ್ಯೋಗದ ಅರ್ಜಿಯಲ್ಲಿ "ನಿಮ್ಮ ಮೇಲೆ ಪ್ರಕರಣ ದಾಖಲಾಗಿತ್ತೇ, ಶಿಕ್ಷೆಯಾಗಿತ್ತೇ" ಎಂಬ ಪ್ರಶ್ನೆ ಬಂದಾಗ ಕೆಲವರು ಹೆದರಿ ಅರ್ಜಿಯನ್ನೇ ಹರಿದುಹಾಕುತ್ತಾರೆ. 24ನೇ ಕಲಂ ಪ್ರಕಾರ ಅಪರಾಧ ಸಾಬೀತಾದರೂ ಅದರಿಂದ ಬರುವ ಅನರ್ಹತೆ ಮಗುವಿಗೆ ತಟ್ಟುವುದಿಲ್ಲ. 16 ದಾಟಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆಂದು ತೀರ್ಮಾನವಾದವರು ಮಾತ್ರ ಇದಕ್ಕೆ ಹೊರತು. ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಮಗುವಿನ ದಾಖಲೆಯನ್ನು ಬಹಿರಂಗಪಡಿಸಬಾರದು ಎಂದೂ 74ನೇ ಕಲಂ ಹೇಳುತ್ತದೆ. ಬಾಲ್ಯದ ಪ್ರಕರಣವನ್ನು ಮುಂದಿಟ್ಟು ಭದ್ರತಾ ಪಡೆಯ ಕೆಲಸ ನಿರಾಕರಿಸಿದ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರ ತೀರ್ಪು ನೀಡಿದೆ. ಹೀಗಿದ್ದರೂ ಪ್ರತಿ ನಮೂನೆಯ ಪದಗಳು ಬೇರೆ. ತುಂಬುವ ಮೊದಲು ಅದನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಬರೆಯಿರಿ.

ದಾಖಲೆ ನಾಶದ ಬಗ್ಗೆಯೂ ವಿಚಾರಿಸಿ. ಮೇಲ್ಮನವಿಯ ಅವಧಿ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚು ಕಾಲ ದಾಖಲೆ ಇಡಬಾರದು ಎಂದು ಮಾದರಿ ನಿಯಮ 14 ಹೇಳುತ್ತದೆ. ನಿಮ್ಮ ಮಗನ ಪ್ರಕರಣದಲ್ಲಿ ಅಂಥ ಆದೇಶವಾಗಿದೆಯೇ ಎಂದು ವಕೀಲರಿಂದ ತಿಳಿದು, ದಿನಾಂಕವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ.

ಎಚ್ಚರಿಕೆಯ ಗುರುತುಗಳು

ಲೆಕ್ಕ ಸಿಗದ ದುಡ್ಡು, ಹೊಸ ಮೊಬೈಲ್, ಹೊಸ ಬೂಟು. ರಾತ್ರಿ ಹೊತ್ತು ಒಂದೇ ಸಲ ರಿಂಗಾಗಿ ನಿಲ್ಲುವ ಕರೆ. ವಾಯಿದೆಯ ಹಿಂದಿನ ದಿನ ಜಗಳ ತೆಗೆಯುವುದು, ಏಕೆಂದರೆ ಆ ದಿನದ ಭಯ ಹುಡುಗರಲ್ಲಿ ಸಿಟ್ಟಾಗಿ ಹೊರಬರುತ್ತದೆ. ಇವಕ್ಕೆ ಬೈಗುಳದ ಬದಲು ಪರಿವೀಕ್ಷಣಾಧಿಕಾರಿಗೆ ಒಂದು ಕರೆ ಸಾಕು.

ಅತಿಯಾದ ಮೌನ ಇವೆಲ್ಲಕ್ಕಿಂತ ಗಂಭೀರ. ತನ್ನ ವಸ್ತುಗಳನ್ನು ತಮ್ಮನಿಗೆ ಹಂಚುವುದು, "ನಾನಿಲ್ಲದಿದ್ದರೆ ನೀವು ತಲೆಯೆತ್ತಿ ಓಡಾಡಬಹುದು" ಎನ್ನುವುದು, ಉಣ್ಣದಿರುವುದು ಕಂಡರೆ ಆ ರಾತ್ರಿ ಅವನನ್ನು ಒಬ್ಬನನ್ನೇ ಮಲಗಿಸಬೇಡಿ. 14416ಕ್ಕೆ ಕರೆ ಮಾಡಿ, ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. "ಸಾಯುವ ಯೋಚನೆ ಬರುತ್ತಿದೆಯೇ ಮಗನೇ" ಎಂದು ಬಾಯಿಬಿಟ್ಟು ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿ.

ಹಂತ 8: ಎರಡನೇ ತಿಂಗಳು, ಆರನೇ ತಿಂಗಳು

ಬಿಡುಗಡೆಯ ನಂತರ ಮೊದಲ ಭೇಟಿಯಲ್ಲದೆ ಎರಡು ತಿಂಗಳಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ಹುಡುಗನೊಂದಿಗೆ ಮಾತನಾಡಿ ವರದಿ ಬರೆಯಲು ನಮೂನೆ 7ರಲ್ಲಿ ಜಾಗವಿದೆ. ಯಾರೂ ಬರದಿದ್ದರೆ ನೀವೇ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಅಧಿಕಾರಿಗಳ ಮೇಲೆ ಪ್ರಕರಣಗಳ ಹೊರೆ ದೊಡ್ಡದು. ಬಾಗಿಲಿಗೆ ಬಂದು ನಿಂತ ಮನೆಯವರ ನೆನಪು ಅವರಿಗೆ ಉಳಿಯುತ್ತದೆ.

ಹೋಗುವಾಗ ನೋಟ್‌ಬುಕ್ ಒಯ್ಯಿರಿ. ಶಾಲೆಯ ಹಾಜರಿ, ಸಂಬಳದ ಚೀಟಿ, ಚಿಕಿತ್ಸೆಯ ಚೀಟಿ, ಹಾಜರಾದ ಪ್ರತಿ ವಾಯಿದೆಯ ದಿನಾಂಕ. ಯಾರ ಸುಪರ್ದಿಯಲ್ಲಿ ಇರಬೇಕೆಂದು ಆದೇಶವಾಗಿದೆಯೋ ಆ ವ್ಯವಸ್ಥೆ ಕೆಲಸ ಮಾಡುತ್ತಿಲ್ಲವಾದರೆ, ಸೋದರಮಾವನ ಊರೇ ಒಳ್ಳೆಯದೆಂದು ಈಗ ನಿಜವಾಗಿ ಅನ್ನಿಸಿದರೆ, ಅದಕ್ಕೂ ದಾರಿಯಿದೆ. 104ನೇ ಕಲಂನಡಿ ಮಂಡಳಿ ತನ್ನ ಆದೇಶವನ್ನು ತಿದ್ದಬಹುದು. ಮೊದಲು ಅರ್ಜಿ ಕೊಡಿ, ಆದೇಶ ಕೈಗೆ ಬಂದ ಮೇಲೆ ಮಗನಿಗೆ ಬಸ್ ಟಿಕೆಟ್ ತೆಗೆಸಿ.